ಎದುರು ಮಳಿಗೆಯಲ್ಲಿ ಅತ್ತೆಯ ಮುಖ

ಭಾನುವಾರ, ನವೆಂಬರ್ ೧೭

ಅತ್ತೆಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಇಷ್ಟು ದಿನ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಿದರೆ ನಿಮ್ಮ ಮಗನೇ ಎತ್ತಿ, ಅಮ್ಮ ಮಲಗಿದ್ದಾರೆ ಎನ್ನುತ್ತಾನೆ. ಬೆಳಿಗ್ಗೆಯೂ ಮಲಗಿರುತ್ತೀರಿ, ಸಂಜೆಯೂ ಮಲಗಿರುತ್ತೀರಿ. ಇಲ್ಲಿದ್ದಾಗ ಕೋಳಿಗಿಂತ ಮುಂಚೆ ಎದ್ದು ಹಾಲಿನ ಕ್ಯಾನು ಉರುಳಿಸಿ ನನ್ನ ನಿದ್ದೆ ಕೆಡಿಸುತ್ತಿದ್ದವರು ನೀವೇನಾ ಅನ್ನಿಸುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ.

ನಮ್ಮ ಅಂಗಡಿಯ ಚೀಸ್ ಹೊತ್ತು ತಿನಿಸುಗಳ ವ್ಯಾಪಾರ ಮೇಳಕ್ಕೆ ಹೋಗಿ ಬಂದೆ. ಮಳಿಗೆ ಎಂದರೆ ಮೂರು ರಟ್ಟಿನ ಗೋಡೆ, ಒಂದು ಮೇಜು, ಗೊರಗುಟ್ಟುವ ಒಂದು ಫ್ರಿಜ್ಜು. ಪಕ್ಕದಲ್ಲಿ ಜೇನುತುಪ್ಪದ ತಾತ ಒಬ್ಬರಿದ್ದರು, ಪಾಪ, ನನಗೂ ಕುರ್ಚಿ ಹುಡುಕಿ ಕೊಟ್ಟರು. ಚೀಸ್ ತುಂಡಿಗೆ ಹಲ್ಲುಕಡ್ಡಿ ಚುಚ್ಚಿಟ್ಟದ್ದೇ ತಡ, ಜನ ಮುಗಿಬಿದ್ದರು. ಕೊಳ್ಳುವವರು ಕಡಿಮೆ, ತಿನ್ನುವವರೇ ಜಾಸ್ತಿ. ಒಬ್ಬ ಮಹಾರಾಯ ಟೋಪಿ ತೆಗೆದು ಒಂದು ಸಲ, ಹಾಕಿಕೊಂಡು ಇನ್ನೊಂದು ಸಲ ಬಂದ. ಬಾಯಿಬಡುಕಿ ಎಂದು ನೀವೇ ಹೆಸರಿಟ್ಟಿದ್ದೀರಲ್ಲ, ನನಗೆ ಮಾತಿಗೇನು ಬರ? ಮಧ್ಯಾಹ್ನದವರೆಗೆ ಚೆನ್ನಾಗಿಯೇ ನಡೆಯಿತು. ದೊಡ್ಡ ಅಂಗಡಿಗಳಿಗೆ ಸರಕು ಕೊಳ್ಳುವ ಹೆಂಗಸೊಬ್ಬಳು ನಮ್ಮ ಚೀಸ್ ತಿಂದು, ತನ್ನ ಎಲ್ಲ ಅಂಗಡಿಗೂ ಇದೇ ಬೇಕು, ಒಂದು ಸುತ್ತು ಹಾಕಿ ಬರುತ್ತೇನೆ ಎಂದಳು. ಆ ಆರ್ಡರ್ ಸಿಕ್ಕರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಬಾಗಿಲು ಹಾಕಬೇಕು. ಇದು ನಿಮಗೂ ಗೊತ್ತು. ಮೇಳಕ್ಕೆ ಹೆಸರು ಕೊಡು ಎಂದು ಬೆನ್ನುಹತ್ತಿದವರೇ ನೀವು.

ಎದುರು ಮಳಿಗೆ ಅಷ್ಟು ಹೊತ್ತೂ ಮುಚ್ಚಿತ್ತು. ಆಮೇಲೆ ಪರದೆ ಸರಿಸಿದವನು ನಿಮ್ಮ ಮಗ. ಹಿಂದೆ ಗೋಡೆ ತುಂಬ ನಿಮ್ಮ ಮುಖ, ಕೆಳಗೆ ‘ಅಮ್ಮನ ಚೀಸ್’ ಎಂಬ ದಪ್ಪಕ್ಷರ. ಹನ್ನೆರಡು ವರ್ಷದಲ್ಲಿ ನಾನು ಫೋಟೊ ತೆಗೆದಾಗಲೆಲ್ಲ ಮುಖ ಗಂಟಿಕ್ಕಿಕೊಂಡವರು ಅಲ್ಲಿ ಹಲ್ಲು ಬಿಟ್ಟು ನಗುತ್ತಿದ್ದೀರಿ. ಹೊಸ ಹಲ್ಲು ಸೆಟ್ಟು ಚೆನ್ನಾಗಿ ಕೂತಿದೆ.

ಎರಡು ದಿನ ಇದ್ದು ಬರುತ್ತೇನೆ ಎಂದು ಮಗನ ಮನೆಗೆ ಹೋದವರು ಮೂರು ತಿಂಗಳಾದರೂ ಯಾಕೆ ಬರಲಿಲ್ಲವೆಂದು ಆಗ ಗೊತ್ತಾಯಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೈ ತನ್ನ ಪಾಡಿಗೆ ಚೀಸ್ ಕತ್ತರಿಸುತ್ತಿತ್ತು. ಕೋರ್ಟಿನಲ್ಲಿ ಅವನೂ ನಾನೂ ಸಹಿ ಹಾಕಿ ಬೇರೆಯಾದ ದಿನ ನೀವು, “ಅವನು ಬಿಟ್ರೆ ಬಿಡ್ಲಿ, ನಾನೆಲ್ಲಿ ನಿನ್ನ ಬಿಟ್ಟಿದೀನಿ?” ಎಂದು ಹಾಲು ಕಾಯಿಸಲು ಹೋಗಿದ್ದಿರಿ. ಆ ಒಂದು ಮಾತನ್ನು ನಂಬಿ ಎರಡು ವರ್ಷ ಅಂಗಡಿ ನಡೆಸಿದೆ.

ಸುತ್ತು ಹಾಕಿದ ಹೆಂಗಸು ಅವನ ಚೀಸೂ ತಿಂದಳು. ಎರಡೂ ಒಂದೇ ಕೈಯ ರುಚಿ, ಯಾರು ಯಾರಿಂದ ಕಲಿತದ್ದು, ನನಗೆ ಮೂಲದ್ದೇ ಬೇಕು ಎಂದಳು. ನಮ್ಮ ಅತ್ತೆ ಕಲಿಸಿದ್ದು, ಇಬ್ಬರೂ ಸೇರಿ ಮಾಡುತ್ತಿದ್ದೆವು ಎಂದೆ. ನಿಮ್ಮ ಮಗ ಬೇರೆಯೇ ಹೇಳಿದ. ಆರ್ಡರ್ ಅವನಿಗೆ ಹೋಯಿತು. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುತ್ತೇನೆ.

ಜೇನಿನ ತಾತ ಅವನ ಮಳಿಗೆಯ ಚೀಸಿನ ಒಂದು ತುಂಡು ನನಗೂ ತಂದುಕೊಟ್ಟರು. ಉಪ್ಪು ಮುಂದಾಗಿದೆ ಅತ್ತೆ. ಕಳೆದ ಚಳಿಗಾಲದಿಂದ ನಿಮ್ಮ ನಾಲಿಗೆಗೆ ಉಪ್ಪು ಹತ್ತುತ್ತಿಲ್ಲ. ಚೀಸ್ ಮುಳುಗಿಸುವ ಉಪ್ಪುನೀರನ್ನು ನೀವು ಕಲಸಿಟ್ಟು ಹೋದ ಮೇಲೆ ನಾನು ಒಂದೆರಡು ಚೊಂಬು ನೀರು ಸುರಿಯುತ್ತಿದ್ದೆ. ಹೇಳಿದರೆ ನೊಂದುಕೊಳ್ಳುತ್ತೀರಿ ಎಂದು ಬಾಯಿ ಬಿಡಲಿಲ್ಲ. ಇನ್ನು ಮೇಲೆ ಅಲ್ಲಿ ಯಾರ ಕೈಲಾದರೂ ರುಚಿ ನೋಡಿಸಿ. ಇಲ್ಲದಿದ್ದರೆ ದೂರು ಬರುತ್ತದೆ, ಅವನು ನಿಮ್ಮ ಮೇಲೆ ರೇಗುತ್ತಾನೆ.

ಚಳಿ ಶುರುವಾಗಿದೆ, ರಾತ್ರಿ ಕಾಲುಚೀಲ ಹಾಕಿಕೊಂಡು ಮಲಗಿ. ಮಂಡಿಗೆ ಎಣ್ಣೆ ಹಚ್ಚುವವರು ಯಾರಾದರೂ ಇದ್ದಾರೆ ಎಂದುಕೊಂಡಿದ್ದೇನೆ. ನೂರು ವರ್ಷ ಬಾಳಿ. ನನಗೂ ಒಂದು ಆಶೀರ್ವಾದ ಮನಸ್ಸಿನಲ್ಲೇ ಮಾಡಿಬಿಡಿ, ಅವನಿಗೆ ಕೇಳಿಸುವುದು ಬೇಡ.

ನಿಮ್ಮ
ಬಾಯಿಬಡುಕಿ

ವಿ.ಸೂ.: ಆ ಹೆಂಗಸು ಅವನನ್ನು ಸುಮ್ಮನೆ ನಂಬಲಿಲ್ಲ. ನನ್ನ ಕಡೆ ಕೈತೋರಿಸಿ, “ಅವರು ನಿಮ್ಮಮ್ಮನಿಗೆ ಏನಾಗ್ಬೇಕು?” ಎಂದು ಕೇಳಿದಳು. ಏನೂ ಆಗಬೇಕಿಲ್ಲ, ಕೆಲಸಕ್ಕಿದ್ದಳು ಎಂದ. ಅವನಿಂದ ಇನ್ನೇನು ಬರುತ್ತದೆ, ಅದು ನನಗೆ ನಾಟಲಿಲ್ಲ. ಆಕೆ ಅನುಮಾನದಿಂದ ನಿಂತೇ ಇದ್ದಾಗ ಅವನು ಅಲ್ಲಿಂದಲೇ ನಿಮಗೆ ಫೋನ್ ಮಾಡಿ, ನಿನ್ನ ಜೊತೆ ಚೀಸ್ ಮಾಡುತ್ತಿದ್ದವಳು ಕೆಲಸದವಳು, ಹೌದೋ ಅಲ್ಲವೋ ನೀನೇ ಹೇಳಮ್ಮ ಎಂದ. ನೀವು, “ಹೂಂ, ಕೆಲಸದವಳು” ಅಂದಿರಿ. ನಾನು ಎದುರಿಗೇ ಇರುವುದು ನಿಮಗೆ ಗೊತ್ತಿರಲಿಕ್ಕಿಲ್ಲ. ಫೋನ್ ಸ್ಪೀಕರಿನಲ್ಲಿತ್ತು ಅತ್ತೆ.