ಎರಡು ಪೆಟ್ಟಿಗೆ, ಒಂದು ಸ್ವಿಚ್ಚು

ಸಾವನದುರ್ಗದ ದಾರಿ, ಮಾಗಡಿ ತಾಲ್ಲೂಕು
೧೪-೭-೨೦೨೫, ಸೋಮವಾರ

ಅತ್ತೆಯವರಿಗೆ ವನಜಾಕ್ಷಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಹಾರೋಹಳ್ಳಿಯಲ್ಲಿ ನಿಮ್ಮ ಮಗಳ ಮನೆ ಮೂರನೇ ಮಹಡಿ, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ಒಂಬತ್ತು ದಿನದಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀವು ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀವೇ ಓದಿ, ಮಗಳ ಕೈಲಿ ಓದಿಸಬೇಡಿ. ಇಲ್ಲಿ ಮಾವ ಚೆನ್ನಾಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಕುರಿ ಹೊಡೆದುಕೊಂಡು ಹೋಗುತ್ತಾರೆ, ಬರುತ್ತಾರೆ, ಸಾರಿಗೆ ಉಪ್ಪಿಲ್ಲದಿದ್ದರೂ ಮಾತಾಡದೆ ಉಣ್ಣುತ್ತಾರೆ. ನಿಮ್ಮ ಕರಿಕುರಿ ಮರಿ ಹಾಕಿತು, ಹೆಣ್ಣು. ಇಷ್ಟು ಬರೆಯುವಷ್ಟರಲ್ಲಿ ನಾನು ಮೂರು ಸಲ ಎದ್ದು ಕೂತಿದ್ದೇನೆ.

ಆ ಹಾಳು ಇಂಟರ್ನೆಟ್ಟಿನ ಸುದ್ದಿ ಕೇಳಿ. ನಿನ್ನೆ ಮಾಗಡಿಯಿಂದ ಅಕ್ರಮ್ ಬಂದು ರಿಪೇರಿ ಮಾಡಿದ. ಕಂಪನಿಯವರು ಹಾಕಿದ ಮೋಡೆಮ್ ನಡುಮನೆಯಲ್ಲಿದೆಯಲ್ಲ, ಅದರ ವೈಫೈ ನನ್ನ ಕೋಣೆಗೆ ಬರುವುದಿಲ್ಲವೆಂದು ತವರಿನಲ್ಲಿ ಬಿದ್ದಿದ್ದ ಹಳೆಯ ರೂಟರ್ ತಂದು ನಾನೇ ವೈರ್ ಸಿಕ್ಕಿಸಿದ್ದೆ. ದೀಪ ಹತ್ತಿದ್ದೇ ತಡ, ನನ್ನಂಥ ಜಾಣೆ ಇಲ್ಲ ಎಂದು ಕುಣಿದಿದ್ದೆ. ಅಕ್ರಮ್ ಎರಡನ್ನೂ ನೋಡಿ ನಕ್ಕ. "ಅಕ್ಕ, ಇವೆರಡಕ್ಕೂ ಒಂದೇ ನಂಬರ್ ಐತೆ. ಎರಡೂ ನಾನೇ ಯಜಮಾನ ಅಂತ ಕಿತ್ತಾಡ್ತಾವೆ. ಅದ್ಕೇ ಒಸಿ ಹೊತ್ತು ನೆಟ್ ಬತ್ತದೆ, ಒಸಿ ಹೊತ್ತು ಹೋಯ್ತದೆ. ಒಂದು ಸುಮ್ಕಿರ್ಬೇಕು" ಎಂದ. ಮಾವ ಜಗಲಿಯಿಂದ ನನ್ನನ್ನೇ ನೋಡಿದರು. ನಾನು ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ. ನನ್ನ ರೂಟರಿನ ಯಜಮಾನಿಕೆ ಬಿಡಿಸಿ ನಂಬರ್ ಬದಲಾಯಿಸಲು ಅವನಿಗೆ ಅರ್ಧ ಗಂಟೆ ಸಾಕಾಯಿತು. ಇವತ್ತು ಬೆಳಗ್ಗೆ ನಾನು ಹೇಳಿಕೊಡುವ ಗಣಿತದ ಆನ್‌ಲೈನ್ ಪಾಠ ಒಂದು ಸಲವೂ ನಿಲ್ಲಲಿಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ.

ನೀವು ಹಾರೋಹಳ್ಳಿಗೆ ಹೊರಟ ದಿನ ಪಾಠ ಮೂರು ಸಲ ನಿಂತು, ಇನ್ನೊಂದು ದಿನ ಹೀಗಾದರೆ ಬೇರೆ ಟೀಚರ್ ನೋಡಿಕೊಳ್ಳುತ್ತೇವೆ ಎಂದು ಟ್ಯೂಷನ್ನಿನವರು ಹೇಳಿದ್ದರು. ಕುರಿದೊಡ್ಡಿಗೆ ಹೊರಟಾಗಲೆಲ್ಲ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ನಿಮ್ಮ ಅಭ್ಯಾಸ. ಮಾವನ ಮುಂದೆ, ನಿಮ್ಮ ಮಗನ ಮುಂದೆ, "ಅತ್ತೆ ಬೇಕೂಂತ್ಲೇ ನೆಟ್ಟಿನ ಸ್ವಿಚ್ಚು ಆರಿಸ್ಬುಟ್ಟವ್ರೆ" ಎಂದು ಕೂಗಿದೆ. "ನಾ ಮುಟ್ಟಿಲ್ಲ ಕಣವ್ವ" ಎಂದು ಒಂದೇ ಮಾತು ಹೇಳಿ ನೀವು ಚೀಲ ಎತ್ತಿಕೊಂಡಿರಿ. ಆ ಮಾತು ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ.

ಪಕ್ಕದ ಮನೆಯ ಕೆಂಪಯ್ಯ ಹಾರೋಹಳ್ಳಿಯ ಫ್ಯಾಕ್ಟರಿಗೆ ಸೆಕೆಂಡ್ ಶಿಫ್ಟಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ಬಸ್ಸು ತಪ್ಪುತ್ತದೆ ಎಂದು ಗೊಣಗುತ್ತಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಸೊಸೆ,
ವನಜಾಕ್ಷಿ

ತಾ.ಕ.: ಇದು ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅವತ್ತು ಕೂಗುವುದಕ್ಕೆ ಮುಂಚೆಯೇ ನಾನು ಹೋಗಿ ನೋಡಿದ್ದೆ ಅತ್ತೆ. ಸ್ವಿಚ್ಚು ಹಾಕಿಯೇ ಇತ್ತು. ನೀವು ಮುಟ್ಟಿಲ್ಲವೆಂದು ಗೊತ್ತಿದ್ದೂ ಕೂಗಿದೆ. ನಿನ್ನೆ ಮಾವನಿಗೂ ನಿಮ್ಮ ಮಗನಿಗೂ ಇದನ್ನು ಹೇಳಿದ್ದೇನೆ. ನಾಳೆಯ ಪಾಠವನ್ನು ಈ ಸಲ ನಾನೇ ನಿಲ್ಲಿಸಿ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ಬೈಯಿರಿ, ಎರಡು ಏಟು ಹಾಕಿ, ಬಾಗಿಲು ಮಾತ್ರ ತೆಗೆಯಿರಿ.