ಮೂರನೆಯ ಅಧ್ಯಾಯದಲ್ಲಿ ತೀರಿಕೊಂಡ ಅಮ್ಮ

ಸಿಂಗಪುರ, ಬುಧವಾರ

ತ್ರೆಂಗಾನುವಿನ ಜರಿ ನೇಯುವವರಿಗೆಲ್ಲ ಮಹಾರಾಣಿಯಾದ ಸಫಿಯಾ ಅಕ್ಕನಿಗೆ ನಡು ಬಗ್ಗಿಸಿ ಸಲಾಮು.

ಅಮ್ಮ ಹಾಸಿಗೆ ಹಿಡಿದು ನನ್ನನ್ನೇ ಕೇಳುತ್ತಿದ್ದಾಳೆಂಬ ನಿನ್ನ ಕಾಗದ ತಲುಪಿತು. ಕೂಡಲೇ ರಜೆ ಕೇಳಿದೆ.

ನಾನು ಮಲಯ ಭಾಷೆ ಕಲಿಸುವ ಇಂಗ್ಲಿಷ್ ದೊರೆ ನನ್ನಿಂದಲೇ ನನ್ನ ಜೀವನಚರಿತ್ರೆ ಬರೆಸಿದನಲ್ಲ, ಅದೇ ಮುಳುವಾಯಿತು. ಅಜ್ಜ ಮುತ್ತಜ್ಜಂದಿರ ಹೆಸರು ಬರೆದರೆ, "ಇದೆಲ್ಲ ಯಾರಿಗ್ ಬೇಕಯ್ಯಾ? ನೀನು ಪಟ್ಟ ಕಷ್ಟ ಬರಿ" ಎಂದಿದ್ದ. ಕಷ್ಟ ಎಲ್ಲಿಂದ ತರಲಿ? ತಮಾಷೆಗೆ ಮೂರನೆಯ ಅಧ್ಯಾಯದಲ್ಲಿ ಅಮ್ಮನನ್ನು ಕಾಲರಾದಿಂದ ಸಾಯಿಸಿ ಏಳು ಪುಟ ಅತ್ತಿದ್ದೆ. ದೊರೆಯೂ ಅತ್ತು ಅಚ್ಚಿಗೆ ಕೊಟ್ಟ.

ಈಗ ನಿನ್ನ ಕಾಗದ ತೋರಿಸಿದರೆ ನಗುತ್ತಾನೆ: "ಹೆತ್ತ ತಾಯೀನ ಎಷ್ಟು ಸಲ ಸಾಯಿಸ್ತೀಯೋ ಕಳ್ಳ?"

ಪುಸ್ತಕದಲ್ಲಿರುವುದೇ ಸುಳ್ಳೆಂದು ಕುರಾನಿನ ಮೇಲೆ ಆಣೆಯಿಟ್ಟೆ.

"ನಾಕು ದಿನದ ರಜೆಗೋಸ್ಕರ ಅಂಥಾ ಅಧ್ಯಾಯಾನೇ ಸುಳ್ಳು ಅಂತೀಯಲ್ಲೋ!" ಎಂದು ಬೈದ.

ಕೆಲಸದ ಕರಾರು ಮುರಿದು ಓಡಿದರೆ ಸೆರೆಮನೆ. ಮಳೆಗಾಲಕ್ಕೆ ಮುಂಚಿನ ಕೊನೆಯ ದೋಣಿ ಇವತ್ತೇ ನಮ್ಮೂರಿಗೆ ಹೊರಡುತ್ತದೆ. ನಾನು ಕಲ್ಲುಗುಂಡಿನಂತೆ ಆರೋಗ್ಯವಾಗಿದ್ದೇನೆ. ಈ ಕಾರ್ಡು ಆ ದೋಣಿಯಲ್ಲಿ ಬರುತ್ತಿದೆ, ಅಕ್ಕ. ನಾನು ಬರುತ್ತಿಲ್ಲ.

ನಿನ್ನ ತಮ್ಮ,
ಬುಯೋಂಗ್