ಕಾರಿನ ಹಿಂದಿನ ಬೀರವ್ವ

ದತ್ತಾ,

ಸಮಸ್ತ ಶಹಾಪುರಕ್ಕ ಜಾಹೀರ ಮಾಡೂದೇನಂದ್ರ, ಇವತ್ತ ನಮ್ಮ ಕಾರು ಬೋಳಾಗತೈತಿ.

ಅವ್ವ ಮಾವಶಿ ಊರಿಂದ ಬರೂದ್ರಾಗ ಕಾರು ಕೊಂಡ ಕಾಗಲ ಊರಿನವರು ಬಂದು ಅಪ್ಪನ ಕಾರು ಒಯ್ಯತಾರ. ಹಿಂದ ಅಂವ ಹಚ್ಚಿದ್ದ ‘ಬೀರವ್ವ’ ಸ್ಟಿಕರ್ ತಗಿ. ಅವ್ವನ ಹೆಸರ ಮಂದಿ ಮನಿಗೆ ಹೋಗೂದ ಬ್ಯಾಡ. ಅಪ್ಪ ತೀರಿದಾಗಿಂದ ಆಕಿ ದಿನಾ ಅದನ್ನ ಸವರಕೋತ ನಿಂದರತಾಳ, ನೋಡಾಕ ಆಗವಲ್ದು. ಮಾರಿದ್ದು ಆಮ್ಯಾಗ ಹೇಳೋಣ.

ಬ್ಲೇಡ್ ಮುಟ್ಟಬ್ಯಾಡ, ಬಣ್ಣ ಕಿತ್ತೀತು. ನೀ ಗಡ್ಡಾನೂ ನೆಟ್ಟಗ ಕೆರಕೊಳ್ಳೂದಿಲ್ಲ. ಬಿಸಿನೀರಿನ ಅರಿವಿ ಒತ್ತು, ಮಗ್ಗದ ಪಾಲಿಸ್ಟರ್ ದಾರ ಅಡ್ಯಾಗ ತೂರಿಸಿ ಗರಗಸದಂಗ ಎಳಿ. ಉಳದ ಅಂಟಿಗೆ ಕೊಬ್ಬರಿ ಎಣ್ಣಿ.

ತಡಿ, ಈಗ ಆರ್‌ಟಿಓ ಏಜೆಂಟನ ಫೋನ್ ಬಂತು. ಅಪ್ಪ ಇಲ್ಲದ್ದಕ್ಕ ಕಾರು ಮೊದಲ ಅವ್ವನ ಹೆಸರಿಗೆ ಆಗಬೇಕಂತ. ಮಾರಾಕ ಆಕೀನ ಬಂದು ಸಹಿ ಮಾಡಬೇಕಂತ.

ಸ್ಟಿಕರ್ ಇರಲಿ. ಅವ್ವಗ ನೀನ ಹೇಳು, ನನ್ನ ಕಡಿಂದ ಆಗೂದಿಲ್ಲ.

ದೀಪಾಲಿ ಅಕ್ಕ